ನೀರಿಗೆ ದಾರಿ, ಹೊಗೆಗೆ ತಡೆ
ಹಳೆಯ ಡಾಟ್ಸನ್ ಗಾಡಿಯ ಹಿಂಬಾಗಿಲು ಕಲಿಸುವ ಪಾಠ

ಮನೆಯೊಳಕ್ಕೆ ಮಳೆಯ ನೀರು ಬಂದರೆ, ಅದು ಬಂದ ಸಂದಿಯನ್ನು ಮುಚ್ಚಿಬಿಡುವುದು ಮನುಷ್ಯನ ಸಹಜ ಬುದ್ಧಿ. ಹಂಚಿನ ಮಾಡು ಕಟ್ಟಿದ ನಮ್ಮ ಹಿರಿಯರಾದರೋ ಒಂದು ಹೆಜ್ಜೆ ಮುಂದೆ ಯೋಚಿಸಿದ್ದರು. ಬಿದ್ದ ನೀರನ್ನು ತಡೆದು ನಿಲ್ಲಿಸಲು ಅವರು ಹೋಗಲಿಲ್ಲ. ಹಂಚಿನಿಂದ ಹಂಚಿಗೆ ಇಳಿಸಿ, ಸೂರಿನಾಚೆಯ ಅಂಗಳಕ್ಕೆ ಕಳುಹಿಸಿಕೊಟ್ಟರು. ಮೋಟಾರು ಗಾಡಿಯ ಹಿಂಬಾಗಿಲಿಗೂ ಇದೇ ನ್ಯಾಯ ಸಲ್ಲುತ್ತದೆ. ಆದರೆ ಅಲ್ಲಿ ಇನ್ನೊಂದು ಸಂಗತಿಯನ್ನೂ ಲಕ್ಷ್ಯದಲ್ಲಿಡಬೇಕು. ನೀರು ನುಗ್ಗುವ ಸಂದಿಯಲ್ಲಿ ವಿಷಗಾಳಿಯೂ ನುಗ್ಗಬಲ್ಲುದು.

ಇದಕ್ಕೆ ನಿದರ್ಶನವಾಗಿ ಜಗತ್ಪ್ರಸಿದ್ಧವಾದ ಒಂದು ಗಾಡಿಯನ್ನೇ ತೆಗೆದುಕೊಳ್ಳೋಣ. ೧೯೬೯ರಲ್ಲಿ ಜಪಾನಿನ ನಿಸ್ಸಾನ್ ಸಂಸ್ಥೆಯು ಇಬ್ಬರು ಕುಳಿತುಕೊಳ್ಳುವ ಕ್ರೀಡಾ ಮೋಟಾರೊಂದನ್ನು ಹೊರತಂದಿತು. ಸ್ವದೇಶದಲ್ಲಿ ಅದರ ಹೆಸರು ‘ಫೇರ್‌ಲೇಡಿ ಜೆಡ್’; ಅಮೆರಿಕದಲ್ಲಿ ‘ಡಾಟ್ಸನ್ ೨೪೦-ಜೆಡ್’. ಆರು ಸಿಲಿಂಡರುಗಳ, ೨,೩೯೩ ಘನ ಸೆಂಟಿಮೀಟರ್ ಇಂಜಿನು, ಉದ್ದನೆಯ ಮೂತಿ, ಹಿಂದಕ್ಕೆ ಜಾರಿದ ಚಾವಣಿ, ಅದರ ಕೊನೆಯಲ್ಲಿ ಮೇಲಕ್ಕೆತ್ತಿ ತೆರೆಯುವ ಗಾಜಿನ ಹಿಂಬಾಗಿಲು: ಇದು ಅದರ ರೂಪ. ೧೯೭೩ರ ಪೂರ್ವ ಆಫ್ರಿಕಾ ಸಫಾರಿ ಸ್ಪರ್ಧೆಯಲ್ಲಿ ಈ ಗಾಡಿಯನ್ನೇ ನಡೆಸಿ ವಿಜಯಿಯಾದವರು, ಉಗಾಂಡದಲ್ಲಿ ಜನಿಸಿದ ಭಾರತೀಯ ಮೂಲದ ಶೇಖರ್ ಮೆಹತಾ ಅವರು. ೧೯೭೮ರವರೆಗೆ ಈ ಪೀಳಿಗೆಯ ಗಾಡಿಗಳು, ೨೬೦ ಮತ್ತು ೨೮೦ ಎಂಬ ಮುಂದಿನ ಮಾದರಿಗಳೂ ಸೇರಿ, ಐದು ಲಕ್ಷಕ್ಕೂ ಮಿಕ್ಕಿ ತಯಾರಾದವು. ಅವುಗಳಲ್ಲಿ ಉಳಿದಿರುವವನ್ನು ಅಭಿಮಾನಿಗಳು ಇಂದಿಗೂ ಮಕ್ಕಳಂತೆ ಸಾಕುತ್ತಿದ್ದಾರೆ. ಆ ಸಾಕಣೆಯಲ್ಲಿ ಅವರ ದೊಡ್ಡ ಹಗೆಗಳೆಂದರೆ ತುಕ್ಕು ಮತ್ತು ಹೊಗೆ. ಎರಡಕ್ಕೂ ಮುಖ್ಯ ಹೆಬ್ಬಾಗಿಲು ಆ ಹಿಂಬಾಗಿಲೇ.

ರಬ್ಬರು ಮುಪ್ಪಾದಾಗ

ಹಿಂಬಾಗಿಲು ಮುಚ್ಚಿದಾಗ ಅದರ ಚೌಕಟ್ಟು ಒಂದು ಪೊಳ್ಳು ರಬ್ಬರ್ ಪಟ್ಟಿಯನ್ನು ಅದುಮಿ ಕೂರುತ್ತದೆ. ಗ್ಯಾರೇಜಿನವರು ಇದನ್ನು ‘ಬೀಡಿಂಗ್’ ಎನ್ನುತ್ತಾರೆ. ವರ್ಷಗಳು ಕಳೆದಂತೆ ಬಿಸಿಲೂ ಗಾಳಿಯಲ್ಲಿರುವ ಓಜೋನೂ ಈ ರಬ್ಬರನ್ನು ಹಿಂಡುತ್ತವೆ. ಎಳೆತಕ್ಕೆ ಸಿಕ್ಕಿದ ರಬ್ಬರಿನ ಮೇಲೆ ಓಜೋನು ಅಡ್ಡಡ್ಡಲಾಗಿ ಬಿರುಕು ಮೂಡಿಸುತ್ತದೆ. ಬಿರಿಯದೆ ಉಳಿದ ರಬ್ಬರು ಕೂಡ ಅದುಮಿದಂತೆಯೇ ಚಪ್ಪಟೆಯಾಗಿ, ಮರಳಿ ಉಬ್ಬುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಗ ನೀರು ಸದ್ದಿಲ್ಲದೆ ಒಳಗಿಳಿದು, ರತ್ನಗಂಬಳಿಯ ಅಡಿಯಲ್ಲಿ ಹರಿದು, ಸ್ಟೆಪ್ನಿ ಚಕ್ರವನ್ನಿಡುವ ಗುಂಡಿಯಲ್ಲಿ ನಿಲ್ಲುತ್ತದೆ. ಮೇಲೆ ಚಕ್ರ, ಅದರ ಮೇಲೆ ಹಲಗೆ, ಅದರ ಮೇಲೆ ಗಂಬಳಿ! ಯಜಮಾನನಿಗೆ ಸುದ್ದಿ ತಿಳಿಯುವ ಹೊತ್ತಿಗೆ ತಳದ ತಗಡು ಜರಡಿಯಾಗಿರುತ್ತದೆ.

ಇದು ಗಾಡಿಗೆ ಬಂದ ಕೇಡು. ಇನ್ನೊಂದು ಕೇಡು ಕುಳಿತವರಿಗೇ ಬರುವಂಥದು. ಓಡುವ ಗಾಡಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕುಗ್ಗಿ ಒಂದು ಸುಳಿಯುಂಟಾಗುತ್ತದೆ. ಸೈಲೆನ್ಸರಿನಿಂದ ಹೊರಬಿದ್ದ ಹೊಗೆಯು ಆ ಸುಳಿಗೆ ಸಿಕ್ಕಿ ಹಿಂಬಾಗಿಲಿನ ಬಳಿಯಲ್ಲೇ ಸುತ್ತುತ್ತದೆ. ಸೆಖೆಯೆಂದು ಪಕ್ಕದ ಕಿಟಕಿಯ ಗಾಜನ್ನು ಇಳಿಸಿದರೆ ಒಳಗಿನ ಗಾಳಿ ಹೊರಕ್ಕೆ ಸೆಳೆಯಲ್ಪಟ್ಟು, ಆ ತೆರವನ್ನು ತುಂಬಲು ಹಿಂದಿನ ಸಂದಿಗಳಿಂದ ಹೊಗೆ ನುಗ್ಗುತ್ತದೆ. ಶುದ್ಧ ಗಾಳಿಗಾಗಿ ತೆರೆದ ಕಿಟಕಿಯೇ ವಿಷವನ್ನು ಆಹ್ವಾನಿಸಿದಂತಾಯಿತು. ಆ ಕಾಲದ ಇಂಜಿನುಗಳ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ೨೦೦ ಪಟ್ಟಿಗೂ ಮಿಕ್ಕ ಬಲದಿಂದ ಅಂಟಿಕೊಳ್ಳುತ್ತದೆ. ದೂರ ಪ್ರಯಾಣದಲ್ಲಿ ತಲೆನೋವು, ಓಕರಿಕೆ, ತೂಕಡಿಕೆ ಬಂದರೆ ಅದನ್ನು ಬರಿಯ ದಣಿವೆಂದು ತಳ್ಳಿಹಾಕದೆ, ಕೂಡಲೇ ಗಾಡಿಯನ್ನು ನಿಲ್ಲಿಸಿ ಹೊರಗಿಳಿಯತಕ್ಕದ್ದು.

ದೋಷವನ್ನು ಪತ್ತೆಹಚ್ಚುವುದು

ಮೊದಲು ರೋಗದ ನೆಲೆಯನ್ನು ಅರಿಯಬೇಕು, ಔಷಧ ಅನಂತರ. ಒಬ್ಬರು ಕೈದೀಪ ಹಿಡಿದು ಗಾಡಿಯ ಒಳಗೆ ಕುಳಿತುಕೊಳ್ಳಲಿ. ಮತ್ತೊಬ್ಬರು ಹೊರಗಿನಿಂದ ನೀರು ಬಿಡಲಿ. ಕೆಳಗಿನಿಂದ ಆರಂಭಿಸಿ ಮೆಲ್ಲಮೆಲ್ಲನೆ ಮೇಲಕ್ಕೆ ಹೋಗಬೇಕು. ಮೇಲಿನಿಂದ ಸುರಿದರೆ ಎಲ್ಲಿಂದ ಸೋರಿತೆಂಬುದು ತಿಳಿಯುವುದಿಲ್ಲ. ರಬ್ಬರಿಗೆ ಸೀಮೆಸುಣ್ಣದ ಪುಡಿ ಸವರಿ ಬಾಗಿಲು ಮುಚ್ಚಿ ತೆರೆದರೆ, ಚೌಕಟ್ಟಿನ ಮೇಲೆ ಗುರುತು ಬೀಳದ ಕಡೆ ಅದು ತಾಗುತ್ತಿಲ್ಲವೆಂದು ಅರ್ಥ. ಕಾಗದದ ಚೂರೊಂದನ್ನು ಬಾಗಿಲಿಗೆ ಸಿಕ್ಕಿಸಿ ಎಳೆದು ನೋಡುವುದೂ ಉಂಟು. ಸುತ್ತಲೂ ಒಂದೇ ಬಿಗಿ ಇರಬೇಕು.

ಸೋರುವುದೆಲ್ಲ ಬೀಡಿಂಗಿನ ತಪ್ಪೇ ಎಂದು ಭಾವಿಸಬಾರದು. ಹಿಂಬಾಗಿಲಿನ ಗಾಜನ್ನು ಹಿಡಿದಿರುವ ರಬ್ಬರು, ಹಿಂದೀಪಗಳ ಹಿಂದಿನ ಪಟ್ಟಿ, ತಂತಿಗಳು ಹಾಯುವ ರಂಧ್ರಗಳು—ಇವನ್ನೂ ಪರೀಕ್ಷಿಸಬೇಕು. ಮೊದಲ ಗಾಡಿಗಳಲ್ಲಿ ಒಳಗಿನ ಗಾಳಿ ಹೊರಹೋಗುವ ಎರಡು ಜಾಲರಿಗಳು ಹಿಂಬಾಗಿಲಿನಲ್ಲಿಯೇ ಇದ್ದವು. ೧೯೭೧ರಲ್ಲಿ ಅವನ್ನು ಪಕ್ಕದ ಕಂಬಗಳಿಗೆ ಸರಿಸಲಾಯಿತು. ಹಳೆಯ ಗಾಡಿಯಾದರೆ ಅವನ್ನೂ ಮರೆಯುವಂತಿಲ್ಲ.

ಹೊಸ ಪಟ್ಟಿಯನ್ನು ಕೂರಿಸುವ ಕ್ರಮ

ಹಳೆಯ ಪಟ್ಟಿಯನ್ನೂ ಅಂಟನ್ನೂ ಪೂರ್ತಿಯಾಗಿ ಕೆರೆದು ತೆಗೆಯಬೇಕು. ಅಡಿಯಲ್ಲಿ ತುಕ್ಕು ಕಂಡರೆ ಹೊಳೆಯುವ ಲೋಹ ಬರುವವರೆಗೆ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಹಚ್ಚಿ ಒಣಗಿಸಬೇಕು. ತುಕ್ಕಿನ ಮೇಲೆ ಅಂಟಿಸಿದ ರಬ್ಬರು ರೋಗವನ್ನು ಮರೆಮಾಚುವುದೇ ಹೊರತು ನೀಗಿಸುವುದಿಲ್ಲ. ಓಜೋನಿಗೆ ಜಗ್ಗದ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರಿನ ಪಟ್ಟಿ ಉತ್ತಮ.

ಇಲ್ಲಿ ಹಲವರು ಮಾಡುವ ತಪ್ಪೆಂದರೆ ಪಟ್ಟಿಯನ್ನು ಎಳೆದು ಅಂಟಿಸುವುದು. ಎಳೆದ ರಬ್ಬರು ಕೆಲವು ದಿನಗಳಲ್ಲಿ ಕುಗ್ಗಿ ಮೂಲೆಗಳನ್ನು ಬಿಟ್ಟು ಮೇಲೇಳುತ್ತದೆ. ಪಟ್ಟಿಯನ್ನು ಸಡಿಲವಾಗಿ, ಮೂಲೆಗಳಲ್ಲಿ ತುಸು ಒಳಕ್ಕೆ ಒತ್ತಿ ಕೂರಿಸಬೇಕು. ತುದಿಗಳ ಕೂಡುಜಾಗ ಮೂಲೆಗೆ ಬರದೆ ನೇರ ಭಾಗಕ್ಕೆ ಬರಬೇಕು. ಮೊದಲು ಅಂಟಿಲ್ಲದೆ ಕೂರಿಸಿ ಬಾಗಿಲು ಮುಚ್ಚಿ ನೋಡುವುದು ಜಾಣತನ. ಪಟ್ಟಿ ತೀರ ದಪ್ಪವಾಗಿದ್ದರೆ ಬಾಗಿಲು ಮುಚ್ಚುವುದೇ ಇಲ್ಲ. ಬಲಾತ್ಕಾರದಿಂದ ಬಡಿದರೆ ಬಿಜಾಗರಿ ಸೊಟ್ಟಗಾಗಿ ಹೊಸ ಸಂದಿ ಹುಟ್ಟುತ್ತದೆ. ಪಟ್ಟಿ ಸರಿಯಿದ್ದಮೇಲೆ ಚಿಲಕದ ಕೊಂಡಿಯನ್ನೂ ಬಿಜಾಗರಿಯನ್ನೂ ಹೊಂದಿಸಿ, ಬಾಗಿಲನ್ನು ರಾತ್ರಿಯೆಲ್ಲ ಮುಚ್ಚಿಟ್ಟರೆ ರಬ್ಬರು ತನ್ನ ಜಾಗವನ್ನು ಹಿಡಿಯುತ್ತದೆ. ರಬ್ಬರಿಗೆ ಗ್ರೀಸು, ಎಣ್ಣೆ ಸವರುವ ಅಭ್ಯಾಸವನ್ನು ಬಿಡಬೇಕು. ಪೆಟ್ರೋಲಿಯಂ ಪದಾರ್ಥಗಳಿಂದ ಅದು ಉಬ್ಬಿ ಕೆಡುತ್ತದೆ.

ನೀರಿನ ದಾರಿ

ಇನ್ನು ಮುಖ್ಯವಾದ ಮಾತು. ಬಾಗಿಲಿನ ಅಂಚಿನಲ್ಲಿ ಇಳಿಯುವ ನೀರು ರಬ್ಬರಿನ ಹೊರಬದಿಯ ಕಾಲುವೆಯಲ್ಲಿ ಹರಿದು ಹಿಂದಕ್ಕೆ ಬಿದ್ದುಹೋಗಬೇಕೆಂಬುದು ರಚನೆಯ ಉದ್ದೇಶ. ಅವಸರಗಾರರು ಸೋರಿಕೆ ಕಂಡಲ್ಲೆಲ್ಲ ಮೇಣ ಮೆತ್ತಿ ಆ ಕಾಲುವೆಯನ್ನೇ ಮುಚ್ಚಿಬಿಡುತ್ತಾರೆ. ಹೋಗುವ ದಾರಿಯಿಲ್ಲದ ನೀರು ಮಡುಗಟ್ಟಿ ಹೊಸ ರಬ್ಬರನ್ನೂ ಮೀರಿ ಒಳಗೆ ಬರುತ್ತದೆ. ಕಾಲುವೆಯಲ್ಲಿ ಸೇರಿದ ಎಲೆ, ಧೂಳುಗಳನ್ನು ಆಗಾಗ್ಗೆ ತೆಗೆಯಬೇಕು. ನೀರು ಬಸಿಯುವ ರಂಧ್ರಗಳಲ್ಲಿ ಮೆತ್ತನೆಯ ನೈಲಾನ್ ದಾರವನ್ನು ಆಡಿಸಬೇಕು. ಚೂಪಾದ ತಂತಿ ಬಣ್ಣವನ್ನು ಗೀಚಿ ತುಕ್ಕಿಗೆ ಎಡೆಮಾಡುತ್ತದೆ.

ಸ್ಟೆಪ್ನಿ ಗುಂಡಿಯ ತಳದ ರಂಧ್ರಕ್ಕೆ ಮಾತ್ರ ಬೇರೆ ನಿಯಮ. ನೀರು ತಾನಾಗಿ ಹೋಗಲೆಂದು ಅದರ ರಬ್ಬರ್ ಮುಚ್ಚಳವನ್ನು ಕಿತ್ತೆಸೆದವರಿದ್ದಾರೆ. ಅದು ಹೊಗೆಗೆ ನೆಲದಲ್ಲಿಯೇ ಕಿಂಡಿ ತೆರೆದಂತೆ! ಮುಚ್ಚಳ ತೆಗೆದು ನೀರನ್ನು ಬಸಿದು, ಒರೆಸಿ ಒಣಗಿಸಿ, ಮತ್ತೆ ಬಿಗಿಯಾಗಿ ಹಾಕತಕ್ಕದ್ದು. ರಬ್ಬರಿನ ಹೊರಗೆ ನೀರಿಗೆ ದಾರಿ ತೆರೆದಿರಬೇಕು. ರಬ್ಬರಿನ ಒಳಗೆ ಯಾವ ದಾರಿಯೂ ತೆರೆದಿರಬಾರದು. ದುರಸ್ತಿಯ ತಿರುಳೆಲ್ಲ ಈ ಎರಡು ವಾಕ್ಯಗಳಲ್ಲಿದೆ.

ಡಾಟ್ಸನ್ ಗಾಡಿ ನಮ್ಮ ವಾಚಕರಲ್ಲಿ ಎಷ್ಟು ಜನರ ಬಳಿ ಇದ್ದೀತು? ಆದರೆ ಹಿಂಬಾಗಿಲನ್ನು ಮೇಲಕ್ಕೆತ್ತುವ ಸಣ್ಣ ಕಾರುಗಳು ಮುಂಬಯಿ, ಪುಣೆ, ಚೆನ್ನೈಗಳ ಬೀದಿ ಬೀದಿಗಳಲ್ಲಿವೆ. ಇಂದಿನ ಗಾಡಿಗಳಲ್ಲಿ ಹೊಗೆಯ ವಿಷವನ್ನು ಕುಗ್ಗಿಸುವ ಸಾಧನವಿರುವುದರಿಂದ ಅಪಾಯ ಕಡಮೆ ನಿಜ, ಇಲ್ಲವೇ ಇಲ್ಲವೆಂದಲ್ಲ. ತುಕ್ಕಂತೂ ಹಳೆಯದು ಹೊಸದೆಂದು ನೋಡುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಹಿಂಬಾಗಿಲನ್ನೆತ್ತಿ, ಗಂಬಳಿ ಸರಿಸಿ, ಸ್ಟೆಪ್ನಿಯ ಅಡಿಗೆ ಕೈಯಿಟ್ಟು ನೋಡಿರಿ. ಕೈ ಒದ್ದೆಯಾದರೆ ಕೆಲಸ ಆರಂಭಿಸಲು ಅದೇ ಸುಮುಹೂರ್ತ.