ಎಣ್ಣೆ ಸಾಕೆ, ಲೇಪನ ಬೇಕೆ?

ಕುದುರೆ ಎಳೆದಾಗಲೆಲ್ಲ ತಾನೇ ಮುಂದಿನ ಗುಂಡನ್ನು ತುಂಬಿಕೊಳ್ಳುವ ರೈಫಲ್ಲಿನ ಒಡಲಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಒಂದು ಉಕ್ಕಿನ ಜೋಡಣೆ ಇರುತ್ತದೆ. ಅದಕ್ಕೆ ಬೋಲ್ಟ್ ಕ್ಯಾರಿಯರ್ ಗ್ರೂಪ್ ಎಂದು ಹೆಸರು. ನಳಿಗೆಯ ಹಿಂಬದಿಯನ್ನು ಭದ್ರವಾಗಿ ಮುಚ್ಚುವುದು ಬೋಲ್ಟು, ಅದನ್ನು ಹೊತ್ತು ಓಡುವುದು ಕ್ಯಾರಿಯರ್ರು. ಗುಂಡಿನ ತಳಕ್ಕೆ ಬಡಿಯುವ ಮೊಳೆ, ಖಾಲಿ ತೋಟೆಯನ್ನು ಕಚ್ಚಿ ಎಳೆಯುವ ಕೊಕ್ಕೆ, ಅದರ ಪುಟ್ಟ ಸ್ಪ್ರಿಂಗು ಎಲ್ಲವೂ ಇದರಲ್ಲೇ ಅಡಕ. ಪ್ರತಿ ಗುಂಡಿಗೂ ಈ ಜೋಡಣೆ ಬಿಸಿ, ಮಸಿ, ತಿಕ್ಕಾಟ ಮೂರನ್ನೂ ಒಟ್ಟಿಗೆ ಉಣ್ಣುತ್ತದೆ. ಹೀಗಾಗಿ ಇದರ ಮೇಲೆ ನಿಕ್ಕಲ್ ಬೋರಾನ್, ಟೈಟಾನಿಯಂ ನೈಟ್ರೈಡ್, ವಜ್ರದಂಥ ಇಂಗಾಲ ಎಂಬ ಹೆಸರಿನ ಲೇಪನಗಳನ್ನು ಹಚ್ಚಿ ಮಾರುವ ದೊಡ್ಡ ವ್ಯಾಪಾರವೇ ಅಮೆರಿಕದಲ್ಲಿದೆ. ಸಾದಾ ಭಾಗಕ್ಕಿಂತ ಇವುಗಳ ಬೆಲೆ ಸಾಮಾನ್ಯವಾಗಿ ಬಹಳ ಹೆಚ್ಚು.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯವರು ಈ ಬಗೆಯ ರೈಫಲ್ಲನ್ನು ಕಂಡದ್ದು ಅಂಗಡಿಯಲ್ಲಲ್ಲ, ಪೊಲೀಸರ ಹೆಗಲ ಮೇಲೆ. 1992ರಲ್ಲಿ ಕಾಡುಗಳ್ಳ ವೀರಪ್ಪನ್ ತಂಡ ರಾಮಾಪುರ ಠಾಣೆಯ ಮೇಲೆ ದಾಳಿ ಮಾಡಿತು. ಅದೇ ವರ್ಷದ ಆಗಸ್ಟ್ 14ರಂದು ಮೀಣ್ಯದ ಬಳಿ ಎಸ್‌ಪಿ ಹರಿಕೃಷ್ಣ, ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹೊಂಚುದಾಳಿಗೆ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ನೆಲಬಾಂಬು ಸಿಡಿಯಿತು. ಮಲೆ ಮಹದೇಶ್ವರ ಬೆಟ್ಟದಲ್ಲಿ ನೆಲೆಯೂರಿದ ವಿಶೇಷ ಕಾರ್ಯಪಡೆಯ ಕಾಡಿನ ಓಡಾಟ 2004ರ ಅಕ್ಟೋಬರ್ 18ರಂದು ವೀರಪ್ಪನ್ ಸಾಯುವವರೆಗೂ ನಡೆಯಿತು. ಆ ಕಾಲದ ಭಾರತೀಯ ಪೊಲೀಸರ ಕೈಯಲ್ಲಿ ಸಾಮಾನ್ಯವಾಗಿದ್ದ ಈ ಬಗೆಯ ರೈಫಲ್ಲು ಎಸ್‌ಎಲ್‌ಆರ್. ಬೆಲ್ಜಿಯಂನ ಎಫ್‌ಎಎಲ್ ರೈಫಲ್ಲಿನ ವಂಶದ ಇದನ್ನು ಬಂಗಾಳದ ಇಷಾಪುರದ ಕಾರ್ಖಾನೆ ತಯಾರಿಸುತ್ತಿತ್ತು. ಇನ್ಸಾಸ್ ರೈಫಲ್ಲು ಬಂದದ್ದು ಆಮೇಲೆ.

ಈ ಮೂರು ತಾಲ್ಲೂಕುಗಳಲ್ಲಿ ಉಕ್ಕಿಗೆ ಒಂದೇ ಹವೆಯಿಲ್ಲ. ಹನೂರಿನಿಂದ ಮಹದೇಶ್ವರ ಬೆಟ್ಟದ ಕಡೆಗೆ ಹೊರಟರೆ ಬೇಸಿಗೆಯಲ್ಲಿ ಕುರುಚಲು ಕಾಡು, ಕೆಂದೂಳು. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಮೇಲೆ ಮಂಜು ಸುತ್ತಿದ ಶೋಲಾ ಕಾಡು. ಅಲ್ಲಿನ ಕತ್ತರಿಬೆಟ್ಟದ ತುದಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಮುಂಗಾರು, ಹಿಂಗಾರು ಎರಡೂ ಇಲ್ಲಿ ಬರುತ್ತವೆ. ಗಾಳಿಯ ತೇವಾಂಶ ನೂರಕ್ಕೆ ಅರವತ್ತರ ಗಡಿ ದಾಟಿತೆಂದರೆ ಬರಿ ಉಕ್ಕಿಗೆ ತುಕ್ಕು ಬೇಗ ಹತ್ತುತ್ತದೆ. ಕೈಬೆವರಿನ ಉಪ್ಪು ಸೇರಿದರೆ ಇನ್ನೂ ಬೇಗ: ಸಂಜೆ ಹೆಬ್ಬೆರಳು ಒತ್ತಿದ ಜಾಗದಲ್ಲಿ ಬೆಳಗಾಗುವ ಹೊತ್ತಿಗೆ ಬೆರಳಿನ ಗೆರೆ ಗೆರೆಯೇ ಕಂದುಬಣ್ಣದಲ್ಲಿ ಮೂಡಿರುತ್ತದೆ. ಮಳೆಗಾಲದಲ್ಲಿ ಎಣ್ಣೆ ಸವರದೆ ಸೂರಿಗೆ ಸಿಕ್ಕಿಸಿದ ಮಚ್ಚನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೇಪನಗಳಲ್ಲಿ ಹಳೆಯದೂ ಅಗ್ಗದ್ದೂ ಫಾಸ್ಫೇಟಿನದು. ಬಿಸಿ ಫಾಸ್ಫಾರಿಕ್ ಆಮ್ಲದ ದ್ರಾವಣದಲ್ಲಿ ಅದ್ದಿದ ಉಕ್ಕಿನ ಮೇಲೆ ಮ್ಯಾಂಗನೀಸ್ ಫಾಸ್ಫೇಟಿನ ಬೂದುಗಪ್ಪು ಹರಳುಗಳು ಬೆಳೆಯುತ್ತವೆ. ಮುಟ್ಟಿದರೆ ತರಿತರಿ. ಕೊರತೆಯಂತೆ ಕಾಣುವ ಈ ತರಿಯೇ ಅದರ ಗುಣ. ಹರಳುಗಳ ಸಂದಿಯಲ್ಲಿ ಎಣ್ಣೆ ನಿಲ್ಲುತ್ತದೆ. ಫಾಸ್ಫೇಟು ತಾನಾಗಿ ತುಕ್ಕನ್ನು ತಡೆಯುವುದು ಅಷ್ಟಕ್ಕಷ್ಟೆ, ಎಣ್ಣೆಯನ್ನು ಹಿಡಿದಿಟ್ಟು ತಡೆಯುತ್ತದೆ. ಎಣ್ಣೆ ಆರಿದ ಮೇಲೆ ಅದರ ಕಾವಲು ಅಲ್ಲಿಗೆ ಮುಗಿಯಿತು.

ಗಟ್ಟಿ ಕ್ರೋಮಿಯಂ ಇದಕ್ಕಿಂತ ಬಹಳ ಕಠಿಣ, ನುಣುಪು, ಒರೆಸಲು ಸುಲಭ. ನಿಕ್ಕಲ್ ಬೋರಾನ್ ಬೆಳ್ಳಿಯಂತೆ ಹೊಳೆಯುತ್ತದೆ. ಹೊಸತರಲ್ಲಿ ಮಸಿ ಸಲೀಸಾಗಿ ಬಿಡುತ್ತದೆ, ಆದರೆ ಬಳಸುತ್ತ ಬಣ್ಣ ಮಾಸುತ್ತದೆ, ಕೆಲಸ ಕೆಟ್ಟದಾಗಿದ್ದರೆ ಹೆಕ್ಕಳಿಕೆ ಏಳುತ್ತದೆ. ಟೈಟಾನಿಯಂ ನೈಟ್ರೈಡ್ ಎಂದರೆ ಹೊನ್ನಿನ ಬಣ್ಣದ ಡ್ರಿಲ್ ಬಿಟ್ಟುಗಳ ಮೇಲಿರುವ ಲೇಪನವೇ. ಲೇತ್ ಕೆಲಸ ಬಲ್ಲವರಿಗೆಲ್ಲ ಅದು ಪರಿಚಿತ. ವಜ್ರದಂಥ ಇಂಗಾಲದ ಲೇಪನ ಕಪ್ಪು, ಅತಿ ಕಠಿಣ, ತಿಕ್ಕಾಟ ತೀರ ಕಡಿಮೆ. ಈ ಕೊನೆಯ ಎರಡರ ದಪ್ಪ ಕೆಲವೇ ಮೈಕ್ರಾನ್. ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ಇರುತ್ತದೆ. ನೈಟ್ರೈಡಿಂಗ್ ಅನ್ನು ಲೇಪನವೆನ್ನುವುದೇ ತಪ್ಪು. ಸುಮಾರು 500ರಿಂದ 590 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಾರಜನಕ ಉಕ್ಕಿನ ಮೈಯೊಳಕ್ಕೇ ಇಳಿದು ಅದನ್ನು ಗಟ್ಟಿಮಾಡುತ್ತದೆ. ಮೇಲೆ ಹಚ್ಚಿದ್ದು ಏನೂ ಇಲ್ಲದ ಕಾರಣ ಸಿಪ್ಪೆ ಏಳುವ ಮಾತೂ ಇಲ್ಲ.

ತೊಡಕು ಇರುವುದು ಈ ಶಾಖದಲ್ಲೇ. ಬೋಲ್ಟಿನ ಉಕ್ಕನ್ನು ಮೊದಲೇ ಕಾಯಿಸಿ, ಅದ್ದಿ, ಹದಗೊಳಿಸಿರುತ್ತಾರೆ. ಹದ ಕೂರಿಸಿದ ಶಾಖಕ್ಕಿಂತ ಹೆಚ್ಚು ಕಾಯಿಸಿದರೆ ಆ ಹದ ಹೋಗಿ ಉಕ್ಕು ಮೆತ್ತಗಾಗುತ್ತದೆ. ಕುಲುಮೆಯ ಮುಂದೆ ಕೂತ ಕಮ್ಮಾರನೂ ಇದನ್ನು ಬಲ್ಲ. ಕುಡುಗೋಲಿನ ಬಾಯಿಯನ್ನು ಮತ್ತೆ ಬೆಂಕಿಗಿಟ್ಟರೆ ಹದ ಮತ್ತೆ ಕೊಡಬೇಕಾಗುತ್ತದೆ. ವಿದ್ಯುತ್ತಿನಿಂದ ಕ್ರೋಮಿಯಂ ಹತ್ತಿಸುವಾಗ ಇನ್ನೊಂದು ಅಪಾಯ: ಜಲಜನಕ ಉಕ್ಕಿನೊಳಗೆ ಸೇರಿ ಅದನ್ನು ಪೆಡಸಾಗಿಸುತ್ತದೆ. ಹತ್ತಿಸಿದ ಕೂಡಲೇ ಸುಮಾರು 200 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸಿ ಆ ಜಲಜನಕವನ್ನು ಹೊರಹಾಕಬೇಕು. ಈ ಹಂತ ಬಿಟ್ಟುಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಮಿರಮಿರ ಮಿಂಚುವ ಬೋಲ್ಟಿನ ಹಲ್ಲು ಒಂದು ದಿನ ಬಿರುಕು ಬಿಟ್ಟಾಗಲೇ ಗೊತ್ತಾಗುವುದು. ಹದವಾದ ಉಕ್ಕಿಗೆ ಸಾದಾ ಫಾಸ್ಫೇಟು ಇರುವ ಬೋಲ್ಟು, ಕೆಟ್ಟ ಉಕ್ಕಿನ ಹೊನ್ನಬಣ್ಣದ ಬೋಲ್ಟಿಗಿಂತ ಯಾವಾಗಲೂ ಮೇಲು.

ಲೇಪನದ ಬೆಲೆ ಎಷ್ಟೆಂದು ತೂಗಲು ಅಮೆರಿಕದ ಎಂ16ರ ಕತೆಯಷ್ಟು ಒಳ್ಳೆಯ ತಕ್ಕಡಿ ಇನ್ನೊಂದಿಲ್ಲ. ಈ ರೈಫಲ್ಲಿನಲ್ಲಿ ಮದ್ದಿನ ಬಿಸಿ ಅನಿಲ ಸಣ್ಣ ಕೊಳವೆಯ ಮೂಲಕ ನೇರ ಕ್ಯಾರಿಯರ್ರಿನ ಒಳಕ್ಕೇ ಬರುತ್ತದೆ. ಒಲೆಯ ಹೊಗೆಯನ್ನು ಅಡುಗೆಮನೆಗೇ ಬಿಟ್ಟ ಹಾಗೆ. 1960ರ ದಶಕದಲ್ಲಿ ವಿಯೆಟ್ನಾಂನ ಕಾಡಿನಲ್ಲಿ ಅದು ಸಿಕ್ಕಿಹಾಕಿಕೊಳ್ಳತೊಡಗಿ, ಸೈನಿಕರು ಕೆಟ್ಟುನಿಂತ ರೈಫಲ್ಲು ಹಿಡಿದೇ ಸತ್ತರು. 1967ರಲ್ಲಿ ಅಮೆರಿಕದ ಸಂಸತ್ತಿನ ಇಕಾರ್ಡ್ ಸಮಿತಿ ತನಿಖೆ ನಡೆಸಿತು. ಕೆಡಲು ಕಾರಣ ಹಲವು: ಮದ್ದಿನ ಬಗೆಯನ್ನು ಬದಲಿಸಿದ್ದರು. ಒರೆಸುವ ಸಾಮಾನು ಸೈನಿಕರಿಗೆ ಸಾಕಷ್ಟು ತಲುಪಿರಲಿಲ್ಲ. ಗುಂಡು ಕೂರುವ ಗೂಡಿಗೆ ಕ್ರೋಮಿಯಂ ಇರಲಿಲ್ಲ. ತೇವಕ್ಕೆ ಆ ಗೂಡಿನ ಗೋಡೆ ಗುಳಿಬಿದ್ದು, ಖಾಲಿ ತೋಟೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಮುಂದೆ ಗೂಡಿಗೆ ಕ್ರೋಮಿಯಂ ಬಂತು. ಇದಕ್ಕೆ ಎದುರಾಗಿ, ಮೊದಮೊದಲ ರೈಫಲ್ಲುಗಳ ಕ್ಯಾರಿಯರ್ರಿಗೆ ಹೊರಮೈಯೆಲ್ಲ ಇದ್ದ ಹೊಳೆಯುವ ಕ್ರೋಮಿಯಂ ಅನ್ನು ಸೇನೆ ಕೈಬಿಟ್ಟು ಫಾಸ್ಫೇಟಿಗೆ ಇಳಿಯಿತು. ಬಿಸಿ ಅನಿಲ ತಾಗುವ ಒಳತೂತಿಗೆ ಮಾತ್ರ ಕ್ರೋಮಿಯಂ ಉಳಿಸಿಕೊಂಡಿತು. ಅಂದರೆ ಲೇಪನ ಬೇಕಿತ್ತು ನಿಜ, ಆದರೆ ಕಣ್ಣಿಗೆ ಬೀಳುವ ಕಡೆಯಲ್ಲಿ ಅಲ್ಲ.

ಎಸ್‌ಎಲ್‌ಆರ್‌ನ ಜಾತಕ ಬೇರೆ. ಅದರಲ್ಲಿ ಅನಿಲ ನಳಿಗೆಯ ಮೇಲಿರುವ ಪಿಸ್ಟನ್ನನ್ನು ತಳ್ಳಿ ಅಲ್ಲೇ ಹೊರಬೀಳುತ್ತದೆ. ಪಿಸ್ಟನ್ನು ಕ್ಯಾರಿಯರ್ರಿಗೆ ಒಂದು ಗುದ್ದು ಕೊಟ್ಟು ಮತ್ತೆ ಮುಂದಕ್ಕೆ ತನ್ನ ಜಾಗಕ್ಕೆ ಮರಳುತ್ತದೆ. ಮಸಿಯ ಬಹುಪಾಲು ಮುಂದೆಯೇ ಉಳಿಯುವುದರಿಂದ, ಮಸಿ ಬೇಗ ಬಿಡಿಸುವ ಲೇಪನದ ದೊಡ್ಡ ಲಾಭ ಇಲ್ಲಿ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಕೊಳೆ ಕೂತು ಓಟ ಮಂದವಾದರೆ ರೆಗ್ಯುಲೇಟರನ್ನು ಬಿಗಿಮಾಡಿ ಪಿಸ್ಟನ್ನಿಗೆ ಹೆಚ್ಚು ಅನಿಲ ಕೊಡುವ ಅನುಕೂಲವೂ ಉಂಟು. ಈ ವಂಶದ ರೈಫಲ್ಲುಗಳನ್ನು ಕಾಡಿದ್ದು ಮಸಿಗಿಂತ ಮರಳು. ಬ್ರಿಟಿಷರು ಅದಕ್ಕೆ ಕಂಡುಕೊಂಡ ಮದ್ದು ಲೇಪನವಲ್ಲ. ಕ್ಯಾರಿಯರ್ರಿನ ಮೈಮೇಲೆ ಓರೆ ಗೀರುಗಳನ್ನು ಕಡಿದು, ಮರಳು ಸರಿದುಹೋಗಲು ಜಾಗ ಮಾಡಿದರು.

ದೂಳಿನ ವಿಷಯದಲ್ಲಿ ಲೇಪನದ ಪರ ಒಂದು ಮಾತಿದೆ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಕಣ ಹದಗೊಳಿಸಿದ ಉಕ್ಕಿಗಿಂತಲೂ ಗಟ್ಟಿ. ಎಣ್ಣೆಯ ಜೊತೆ ಕಲೆತರೆ ಸಾಣೆಯ ಹಿಟ್ಟಾಗುತ್ತದೆ. ಟೈಟಾನಿಯಂ ನೈಟ್ರೈಡ್, ವಜ್ರದಂಥ ಇಂಗಾಲ ಎರಡೂ ಬೆಣಚುಕಲ್ಲಿಗಿಂತ ಗಟ್ಟಿ. ಸ್ವಲ್ಪ ಎಣ್ಣೆಯಲ್ಲೂ ಅವು ಸಲೀಸಾಗಿ ಜಾರುವುದರಿಂದ ದೂಳು ಅಂಟುವುದೂ ಕಡಿಮೆ. ದಿನಕ್ಕೆ ನೂರಾರು ಗುಂಡು ಹಾರಿಸುವ ತರಬೇತಿ ಶಾಲೆಗೆ, ದಿನಗಟ್ಟಲೆ ಬಿಚ್ಚಿ ಒರೆಸಲು ಪುರುಸೊತ್ತಿಲ್ಲದ ಪಡೆಗೆ ಈ ಖರ್ಚು ಹುಟ್ಟುತ್ತದೆ. ವರ್ಷಕ್ಕೊಮ್ಮೆ ಗುರಿ ಅಭ್ಯಾಸಕ್ಕೆ ಹೊರಬಂದು ಉಳಿದ ದಿನ ಠಾಣೆಯ ಗೋಡೆಗೆ ಒರಗಿರುವ ರೈಫಲ್ಲಿಗೆ ಹುಟ್ಟುವುದಿಲ್ಲ. ಅಂಥದ್ದು ಸವೆಯುವುದು ಗುಂಡಿನಿಂದಲ್ಲ, ತೇವದಿಂದ. ತೇವ ಮೊದಲು ಹಿಡಿಯುವುದೂ ಕ್ಯಾರಿಯರ್ರನ್ನಲ್ಲ. ನಳಿಗೆಯ ಒಳಮೈ, ಪಿಸ್ಟನ್ನು, ಸ್ಪ್ರಿಂಗು, ಮ್ಯಾಗಜೀನಿನ ತಗಡು ಇವನ್ನು.

ಲೇಪನ ಮುಟ್ಟದ ರೋಗಗಳೂ ಇವೆ. ಖಾಲಿ ತೋಟೆ ಎಳೆಯುವ ಕೊಕ್ಕೆಯ ಸ್ಪ್ರಿಂಗು ಸೋತರೆ, ಮ್ಯಾಗಜೀನಿನ ತುಟಿ ಬಾಗಿದರೆ, ಬೋಲ್ಟಿನ ಹಲ್ಲಿನ ಬುಡದಲ್ಲಿ ಬಿರುಕು ಹುಟ್ಟಿದರೆ ಮೇಲೆ ವಜ್ರವನ್ನೇ ಬಳಿದಿದ್ದರೂ ರೈಫಲ್ಲು ನಿಂತುಹೋಗುತ್ತದೆ. ಕೊಕ್ಕೆಯ ಸ್ಪ್ರಿಂಗಿನ ಬೆಲೆ ಲೇಪನದ ಮುಂದೆ ಪುಡಿಗಾಸು.

ಪೊಲೀಸರ ಕೈಯಲ್ಲಿರುವ ಕ್ರಮ ಹಳೆಯದು. ಪುಲ್‌ಥ್ರೂ ದಾರದ ಕುಣಿಕೆಗೆ ಚಿಂದಿ ಸಿಕ್ಕಿಸಿ ನಳಿಗೆಯಲ್ಲಿ ಎಳೆಯುತ್ತಾರೆ. ಮೊದಲ ಚಿಂದಿ ಕರಿಯಾಗಿ ಬರುತ್ತದೆ, ಎರಡನೆಯದು ಬೂದು, ಬೆಳ್ಳಗೆ ಬರುವವರೆಗೂ ಎಳೆಯಬೇಕು. ಬೋಲ್ಟನ್ನೂ ಕ್ಯಾರಿಯರ್ರನ್ನೂ ಬಿಡಿಸಿ, ಒರೆಸಿ, ಬೆರಳ ತುದಿಯಷ್ಟು ಎಣ್ಣೆ ಸವರಿ ಮತ್ತೆ ಕೂಡಿಸುತ್ತಾರೆ. ಬೆಟ್ಟದ ಮಂಜಿನಲ್ಲಿ ಎಣ್ಣೆ ಸ್ವಲ್ಪ ಧಾರಾಳ, ಹನೂರಿನ ಬೇಸಿಗೆಯ ದೂಳಿನಲ್ಲಿ ಒರೆಸಿ ಉಳಿದಷ್ಟೇ ಜಿಡ್ಡು.

ಸೀಮೆಯ ರೈತರಿಗೆ ಈ ಚರ್ಚೆ ನೇರವಾಗಿ ತಟ್ಟದು. ಸೇನಾ ಮಾದರಿಯ ಸ್ವಯಂಚಾಲಿತ ರೈಫಲ್ಲು ನಿಷೇಧಿತ ಆಯುಧ. 1959ರ ಶಸ್ತ್ರಾಸ್ತ್ರ ಕಾಯ್ದೆ ಬೆಳೆ ಕಾಯಲೆಂದು ಹೆಸರಿಸಿರುವುದು ಬಾಯಿಂದ ಮದ್ದು ತುಂಬುವ ಕೋವಿಯನ್ನು. ಕೇಪಿನ ಆ ಕೋವಿಗೆ ಬೋಲ್ಟೂ ಇಲ್ಲ, ಕ್ಯಾರಿಯರ್ರೂ ಇಲ್ಲ. ಆದರೆ ಕರಿಮದ್ದು ಉರಿದು ಉಳಿಸುವ ಕಿಟ್ಟ ಪೊಟ್ಯಾಸಿಯಂ ಲವಣಗಳದ್ದು. ಗಾಳಿಯ ನೀರನ್ನು ತಾನೇ ಹೀರಿಕೊಂಡು ರಾತ್ರಿ ಕಳೆಯುವುದರೊಳಗೆ ನಳಿಗೆಗೆ ತುಕ್ಕು ಹತ್ತಿಸುತ್ತದೆ. ಎಣ್ಣೆಗೆ ಈ ಲವಣ ಕರಗುವುದಿಲ್ಲ, ನೀರಿಗೆ ಕರಗುತ್ತದೆ. ಹಾಗಾಗಿ ಹಾರಿಸಿದ ದಿನವೇ ಮೊದಲು ಬಿಸಿನೀರು, ಆಮೇಲೆ ಒಣಬಟ್ಟೆ, ಕೊನೆಗೆ ಎಣ್ಣೆ.