ಎಂಜಿನ್ ಎಣ್ಣೆಯೊಳಗಿನ ಕಾವಲು



ಹಿಂದೆ ಎತ್ತಿನ ಗಾಡಿ ಹೂಡುವ ಮುನ್ನ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಔಡಲೆಣ್ಣೆಯೂ ಆ ಕೆಲಸಕ್ಕೆ ಬರುತ್ತಿತ್ತು. ಇಂಗ್ಲೆಂಡಿನಲ್ಲಿ 1909ರಲ್ಲಿ ಔಡಲೆಣ್ಣೆ ಬೆರೆಸಿದ ಎಂಜಿನ್ ಎಣ್ಣೆ ಬಂದಾಗ, ಕ್ಯಾಸ್ಟರ್ ಆಯಿಲ್ ಎಂಬ ಮಾತಿನಿಂದಲೇ ಅದಕ್ಕೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟರು. ಔಡಲೆಣ್ಣೆ ಲೋಹವನ್ನು ಬಿಡದೆ ಹಿಡಿಯುತ್ತದೆ. ಆದರೆ ಬಹಳ ಕಾದರೆ ಅಂಟಾಗುತ್ತದೆ.

ಈಗಿನ ಡಬ್ಬಿಯಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮೂಲ ಎಣ್ಣೆ. ಉಳಿದದ್ದು ಬೇಕೆಂದೇ ಸೇರಿಸಿದ ದ್ರವ್ಯಗಳು. ಇವಕ್ಕೆ ಅಡಿಟಿವ್ ಎನ್ನುತ್ತಾರೆ. ಇದು ಕಲಬೆರಕೆಯಲ್ಲ, ಎಂಜಿನ್ನಿನ ಆಯುಷ್ಯ ಇರುವುದೇ ಇವುಗಳಲ್ಲಿ.

ಎಂಜಿನ್ ಓಡುವಾಗ ಕ್ರ್ಯಾಂಕ್ ಶಾಫ್ಟ್ ಎಣ್ಣೆಯ ಪದರದ ಮೇಲೆ ತೇಲುತ್ತಾ ತಿರುಗುತ್ತದೆ. ಆದರೆ ಕ್ಯಾಮ್ ಒತ್ತುವಲ್ಲಿ, ಪಿಸ್ಟನ್ ರಿಂಗು ಮೇಲೆ ಹೋಗಿ ತಿರುಗುವಲ್ಲಿ ಆ ಪದರ ತೆಳ್ಳಗಾಗಿ ಲೋಹಕ್ಕೆ ಲೋಹ ತಾಗುತ್ತದೆ. ಸತು, ರಂಜಕ, ಗಂಧಕ ಸೇರಿದ ದ್ರವ್ಯವೊಂದು ಅಲ್ಲಿ ಕಾವಲು ನಿಲ್ಲುತ್ತದೆ. ಇದು 1940ರ ದಶಕದಿಂದ ಬಳಕೆಯಲ್ಲಿದೆ. ತಿಕ್ಕಾಟದ ಕಾವಿಗೆ ಇದು ಒಡೆದು, ಲೋಹದ ಮೇಲೆ ಗಾಜಿನಂಥ ಪೊರೆ ಕಟ್ಟುತ್ತದೆ. ಆ ಪೊರೆ ತಲೆಗೂದಲಿಗಿಂತ ನೂರಾರು ಪಟ್ಟು ತೆಳು. ಕಬ್ಬಿಣದ ಬದಲು ಪೊರೆಯೇ ಸವೆಯುತ್ತದೆ. ಸವೆದಲ್ಲಿ ಮತ್ತೆ ಕಟ್ಟಿಕೊಳ್ಳುತ್ತದೆ.

ಸವೆತ ತಡೆಯುವುದು ಬೇರೆ, ಘರ್ಷಣೆ ತಗ್ಗಿಸುವುದು ಬೇರೆ. ಘರ್ಷಣೆ ತಗ್ಗಿಸಲು ಮಾಲಿಬ್ಡಿನಂ ಇರುವ ದ್ರವ್ಯಗಳನ್ನು, ಔಡಲೆಣ್ಣೆಯಂತೆ ಲೋಹಕ್ಕೆ ಅಂಟುವ ದ್ರವ್ಯಗಳನ್ನು ಸೇರಿಸುತ್ತಾರೆ. ಇವು ನುಣುಪು ಕೊಡುತ್ತವೆ, ಇಂಧನ ಉಳಿಸುತ್ತವೆ. ಮಸಿ ಮುದ್ದೆಗಟ್ಟದಂತೆ ಎಣ್ಣೆಯಲ್ಲೇ ಬಿಡಿಬಿಡಿಯಾಗಿ ಹಿಡಿದಿಡುವ ದ್ರವ್ಯವೂ ಇದೆ. ಆದ್ದರಿಂದ ಡೀಸೆಲ್ ಎಂಜಿನ್ನಿನಲ್ಲಿ ಹೊಸ ಎಣ್ಣೆ ಬೇಗನೆ ಕಪ್ಪಾದರೆ ಗಾಬರಿ ಬೇಡ. ಅದು ತನ್ನ ಕೆಲಸ ಮಾಡುತ್ತಿದೆ.

ಹಾಗಾದರೆ ಎಣ್ಣೆ ಮುಗಿಯಿತೆಂದು ತಿಳಿಯುವುದು ಹೇಗೆ? ಬಣ್ಣದಿಂದಲ್ಲ, ಬೆರಳಿಗೆ ಹಚ್ಚಿ ತಿಕ್ಕಿಯೂ ಅಲ್ಲ. ಈ ದ್ರವ್ಯಗಳು ಬ್ಯಾಂಕಿನಲ್ಲಿಟ್ಟ ಠೇವಣಿಯಂತೆ. ಎಂಜಿನ್ ಓಡಿದಷ್ಟೂ ಅದರಿಂದ ಖರ್ಚು ಬೀಳುತ್ತದೆ. ಕಡ್ಡಿ ಅದ್ದಿ ನೋಡಿದರೆ ಎಣ್ಣೆಯ ಮಟ್ಟ ಸರಿಯಾಗಿಯೇ ಇರಬಹುದು, ಒಳಗಿನ ಠೇವಣಿ ಮಾತ್ರ ಬರಿದಾಗಿರುತ್ತದೆ. ಹಳೆಯದರ ಮೇಲೆ ಅರ್ಧ ಲೀಟರ್ ಸುರಿದರೆ ಎಣ್ಣೆ ಬದಲಿಸಿದಂತಾಗದು. ಹಳೆಯದನ್ನು ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ, ಹೊಸದು ತುಂಬಬೇಕು.

ಅನೇಕ ಟ್ರ್ಯಾಕ್ಟರುಗಳಿಗೆ ಈ ಅವಧಿ 250 ಗಂಟೆಯ ಆಸುಪಾಸು. ನಿಮ್ಮದಕ್ಕೆ ಎಷ್ಟೆಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲಿದೆ. ಅದು ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಶಾಲೆಗೆ ಹೋಗುವ ಮಕ್ಕಳಿಂದ ಓದಿಸಿರಿ. ಆ ಅಂಕಿಯನ್ನು ಮಡ್‌ಗಾರ್ಡಿನ ಮೇಲೆ ಕನ್ನಡದಲ್ಲೇ ಬಣ್ಣದಿಂದ ಬರೆದಿಡಿ. ಮೀಟರಿನ ಗಂಟೆ ನೋಡಿ ಎಣ್ಣೆ ಬದಲಿಸಿರಿ.

ಇನ್ನೊಂದು ಎಚ್ಚರಿಕೆ. ಬಹುತೇಕ ಗೇರಿನ ಮೋಟಾರ್ ಸೈಕಲ್ಲುಗಳ ಕ್ಲಚ್ ಎಂಜಿನ್ ಎಣ್ಣೆಯಲ್ಲೇ ಮುಳುಗಿರುತ್ತದೆ. ಕ್ಲಚ್ಚಿಗೆ ಘರ್ಷಣೆ ಬೇಕು. ನುಣುಪು ಹೆಚ್ಚಿಸಿದ ಕಾರಿನ ಎಣ್ಣೆ ಹಾಕಿದರೆ ಅದು ಜಾರಬಹುದು. ಡಬ್ಬಿಯ ಮೇಲೆ ‘ಜಾಸೊ ಎಂಎ’ ಗುರುತು ನೋಡಿ ಕೊಳ್ಳಿರಿ. ಅಂಗಡಿಯವರು ಜೊತೆಗೆ ಕೊಡುವ ಸಣ್ಣ ಬಾಟಲಿಯ ದ್ರವ್ಯವನ್ನು ನಿಮ್ಮಷ್ಟಕ್ಕೆ ಸುರಿಯಬೇಡಿರಿ. ಡಬ್ಬಿಯಲ್ಲಿ ಎಲ್ಲವನ್ನೂ ಅಳೆದೇ ಬೆರೆಸಿರುತ್ತಾರೆ.

ಸಾಲದ ಕಂತಿಗೆಂದು ಕೂಡಿಟ್ಟ ದುಡ್ಡು ಎಂಜಿನ್ ಬಿಚ್ಚುವ ಮೇಸ್ತ್ರಿಯ ಕೈಗೆ ಹೋಗದಿರಲಿ. ಹೊತ್ತಿಗೆ ಸರಿಯಾಗಿ ಹಾಕಿದ ಎಣ್ಣೆ ಅದಕ್ಕಿಂತ ಬಹಳ ಅಗ್ಗ.