ನೆಲೆಗೊಂಡ ನಿರಾಶ್ರಿತರ ಆಹಾರಸಮಸ್ಯೆ

ಊರು ಬಿಟ್ಟು ಬಂದವರಿಗೆ ಮೊದಲು ಬೇಕಾದುದು ಅನ್ನವೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅನ್ನವಿಕ್ಕಿದ ಮಾತ್ರಕ್ಕೆ ಪೋಷಣೆಯಾಯಿತೆಂದು ತಿಳಿಯುವುದು ಸರಿಯಲ್ಲ. ಹೊಟ್ಟೆ ತುಂಬುವುದು ಒಂದು. ಮೈಗೆ ಬಲ ಬರುವುದು ಮತ್ತೊಂದು. ನಾಳೆಯ ಊಟವೂ ಉಂಟೆಂಬ ಧೈರ್ಯ ಹುಟ್ಟುವುದು ಮೂರನೆಯದು. ಇವುಗಳಲ್ಲಿ ಒಂದು ಬಂದರೆ ಉಳಿದೆರಡು ತಾವಾಗಿ ಬಾರವು. ಈ ಸಂಗತಿಯನ್ನು ನಮ್ಮ ನಾಡಿನಲ್ಲಿಯೇ ನಡೆದ ಒಂದು ನಿದರ್ಶನದಿಂದ ವಿಚಾರಮಾಡೋಣ.

ಜಯನಗರ, ಬನಶಂಕರಿಗಳ ನಿವಾಸಿಗಳು ಚಳಿಗಾಲದಲ್ಲಿ ಉಣ್ಣೆಯ ಉಡುಪು ಮಾರುವ ಟಿಬೆಟಿನವರನ್ನು ಕಂಡಿರಬಹುದು. ಈ ಜನಕ್ಕೆ ಕರ್ಣಾಟಕದಲ್ಲಿಯೇ ದೊಡ್ಡ ವಸತಿಗಳುಂಟು. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದಾಗ ಸಹಸ್ರಾರು ಮಂದಿ ಅವರನ್ನು ಹಿಂಬಾಲಿಸಿ ಬಂದರು. 1960ರಲ್ಲಿ ಅಂದಿನ ಮೈಸೂರು ಸರ್ಕಾರದವರು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ಭೂಮಿಯನ್ನು ಅವರಿಗಾಗಿ ಬಿಟ್ಟುಕೊಟ್ಟರು. 1966ರಲ್ಲಿ ಮುಂಡಗೋಡಿನಲ್ಲಿಯೂ, ಅನಂತರದ ದಶಕದಲ್ಲಿ ಹುಣಸೂರು, ಕೊಳ್ಳೇಗಾಲಗಳ ಬಳಿಯೂ ವಸತಿಗಳೆದ್ದವು. ಇಂದು ಗ್ರಾಮಾಭಿವೃದ್ಧಿಯಲ್ಲಿ ಹೆಸರಾಗಿರುವ ಮೈರಾಡ ಸಂಸ್ಥೆಯು 1968ರಲ್ಲಿ ಹುಟ್ಟಿದ್ದು ಈ ಜನರ ಪುನರ್ವಸತಿಗಾಗಿಯೇ.

ಬಂದವರ ಕಷ್ಟವನ್ನು ಊಹಿಸಿಕೊಳ್ಳಬೇಕು. ಲ್ಹಾಸಾ ನಗರವಿರುವುದು ಸುಮಾರು 12,000 ಅಡಿಗಳ ಎತ್ತರದಲ್ಲಿ. ಅಲ್ಲಿಯ ಮುಖ್ಯ ಧಾನ್ಯ ಬಾರ್ಲಿ. ಅದನ್ನು ಹುರಿದು ಬೀಸಿದ ‘ತ್ಸಂಪಾ’ ಎಂಬ ಹಿಟ್ಟನ್ನು ಬೆಣ್ಣೆ ಬೆರೆಸಿದ ಉಪ್ಪುಚಹದಲ್ಲಿ ಕಲಸಿ ತಿನ್ನುವುದು ಅವರ ನಿತ್ಯದ ರೂಢಿ. ಒಣ ಚಳಿಯಲ್ಲಿ ಮಾಂಸವು ಬಹುಕಾಲ ಕೆಡದೆ ನಿಲ್ಲುವುದು. ನಮ್ಮ ಸೀಮೆಯ ಸೆಕೆಯಲ್ಲಿ ಮಾಂಸ ನಿಲ್ಲದು, ಬಾರ್ಲಿಯ ಹೊಲವಿಲ್ಲ, ಹಾಲುಬೆಣ್ಣೆಗಳನ್ನು ಕೊಳ್ಳಲು ಕೈಯಲ್ಲಿ ಹಣವಿಲ್ಲ. ಡೇರೆಗಳಲ್ಲಿ ವಾಸಿಸುತ್ತ, ಕಾಡು ಕಡಿದು, ಆನೆಗಳ ಹಾವಳಿಯನ್ನು ಎದುರಿಸಿ, ಮಳೆಯನ್ನೇ ನಂಬಿ ಬೇಸಾಯಕ್ಕೆ ತೊಡಗಬೇಕಾಯಿತು. ಆ ಬೇಸಾಯದಲ್ಲಿ ಕೈಹಿಡಿದ ಬೆಳೆ ಮುಸುಕಿನ ಜೋಳ.

ಮುಸುಕಿನ ಜೋಳವು ಕಣಜವನ್ನು ತುಂಬಿಸುವುದು, ಮಾರಿದರೆ ಹಣವನ್ನೂ ತರುವುದು. ಆದರೆ ಅದೊಂದನ್ನೇ ಉಂಡು ಬದುಕುವ ಜನರಿಗೆ ಪೆಲಾಗ್ರ ಎಂಬ ಚರ್ಮರೋಗವೂ ಬುದ್ಧಿಮಾಂದ್ಯವೂ ತಗಲುವುದೆಂಬುದನ್ನು ಯೂರೋಪು, ಅಮೆರಿಕಗಳ ಬಡವರ ಚರಿತ್ರೆಯು ತೋರಿಸಿದೆ. ಆ ಧಾನ್ಯದಲ್ಲಿರುವ ನಯಾಸಿನ್ ಎಂಬ ಜೀವಸತ್ತ್ವವು ಬಂಧಿತವಾಗಿರುವುದರಿಂದ ದೇಹಕ್ಕೆ ದಕ್ಕುವುದಿಲ್ಲ. ಮೆಕ್ಸಿಕೋ ದೇಶದವರು ಪೂರ್ವದಿಂದಲೂ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಈ ದೋಷವನ್ನು ಕಳೆದುಕೊಂಡರು. ಬೇಳೆಕಾಳುಗಳನ್ನೂ ಕಡಲೆಕಾಯಿಯನ್ನೂ ಜೊತೆಗೂಡಿಸಿದರೆ ಕೊರತೆಯು ಬಹುಮಟ್ಟಿಗೆ ತುಂಬುವುದು. ಧಾನ್ಯದಲ್ಲಿ ಕಡಮೆಯಾದ ಸಾರವನ್ನು ಬೇಳೆಯು ಒದಗಿಸುವುದರಿಂದಲೇ ನಮ್ಮ ಮುದ್ದೆಗೆ ಹುರುಳಿಯ ಸಾರು, ಅವರೆಕಾಳಿನ ಹುಳಿ ಇಷ್ಟೊಂದು ಒಗ್ಗಿದ ಜೊತೆಯಾಗಿರುವುದು.

ಇಲ್ಲಿ ನಮ್ಮ ರಾಗಿಯನ್ನು ನೆನೆಯಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು. ನಯಮಾಡಿದ ಅಕ್ಕಿಯಲ್ಲಾದರೋ 10 ಮಿಲಿಗ್ರಾಂ ಮಾತ್ರ. ಹಾಲು ಕೊಳ್ಳಲಾರದ ಮನೆಯ ಮಕ್ಕಳಿಗೆ ಇದು ಸಣ್ಣ ಭೇದವಲ್ಲ. ಹೊಸಬರಿಗೆ ರಾಗಿ ಸೇರದು ಎನ್ನುವವರುಂಟು. ಆದರೆ ನಮ್ಮ ರಾಗಿಯ ಹುರಿಹಿಟ್ಟನ್ನೂ ಅವರ ತ್ಸಂಪಾವನ್ನೂ ಪಕ್ಕದಲ್ಲಿಟ್ಟು ನೋಡಿದರೆ ಅವು ಅಕ್ಕತಂಗಿಯರಂತೆ ತೋರುವುವು. ಎರಡನ್ನೂ ಹುರಿದು ಬೀಸಿದ್ದಾಗಿದೆ, ಎರಡನ್ನೂ ಒಲೆ ಹಚ್ಚದೆ ಕಲಸಿ ತಿನ್ನಬಹುದಾಗಿದೆ. ಪರಿಚಿತವಾದ ಅಡಿಗೆಯ ದಾರಿಯಿಂದ ಬಂದ ಅಪರಿಚಿತ ಧಾನ್ಯವು ಬೇಗನೆ ಮನೆಯೊಳಗೆ ಸಲ್ಲುವುದು. ಮೊಳಕೆ ಕಟ್ಟಿದ ರಾಗಿಯ ಹಿಟ್ಟಿಗೆ ಇನ್ನೊಂದು ಗುಣವೂ ಉಂಟು: ಅದರ ಗಂಜಿಯು ಹೆಚ್ಚು ಗಟ್ಟಿಯಾಗದ ಕಾರಣ, ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಸಿ, ಸಣ್ಣ ಹೊಟ್ಟೆಯ ಮಗುವಿಗೆ ಹೆಚ್ಚು ಶಕ್ತಿ ದೊರೆಯುವುದು. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ಸಂಶೋಧನಾಲಯವು ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ಮೂರು ಪಾಲು, ಕಡಲೆಯ ಹಿಟ್ಟು ಒಂದು ಪಾಲು ಸೇರಿಸಿ, ಜೀವಸತ್ತ್ವಗಳನ್ನು ಕೂಡಿಸಿ ಸಿದ್ಧಪಡಿಸಿದ ವಿವಿಧೋದ್ದೇಶ ಆಹಾರವೂ ಇದೇ ಬಗೆಯ ವಿಚಾರದ ಫಲ.

ಪಡಿತರದ ವಿಷಯವನ್ನು ಲೆಕ್ಕಹಾಕಿ ನೋಡೋಣ. 2013ರ ಆಹಾರ ಭದ್ರತಾ ಕಾಯಿದೆಯು ಆದ್ಯತೆಯ ಕುಟುಂಬಗಳಲ್ಲಿ ತಲೆಗೆ ತಿಂಗಳಿಗೆ 5 ಕಿಲೋ ಧಾನ್ಯವನ್ನು ವಿಧಿಸಿದೆ. ದಿನಕ್ಕೆ ಅದು 165 ಗ್ರಾಂ ಆಗುವುದು. ಅದರಿಂದ 600 ಕ್ಯಾಲರಿಗಳಿಗೆ ಮೀರಿದ ಶಕ್ತಿ ಬಾರದು. ದುಡಿಯುವ ಮನುಷ್ಯನಿಗೆ ಬೇಕಾದುದು 2,000ಕ್ಕೂ ಮೇಲೆ. ಟಿಬೆಟಿನ ನಿರಾಶ್ರಿತರಿಗೂ ಪಡಿತರವೇ ಮೊದಲಾದ ಸೌಲಭ್ಯಗಳು ದೊರೆಯಬೇಕೆಂದು 2014ರ ಪುನರ್ವಸತಿ ನೀತಿಯು ಸೂಚಿಸಿತು. ಅದು ಯುಕ್ತವೇ ಸರಿ. ಆದರೆ ಧಾನ್ಯವು ಅಡಿಪಾಯವೇ ಹೊರತು ಮನೆಯಲ್ಲ.

ಉಳಿದುದನ್ನು ತುಂಬದಿದ್ದರೆ ಏನಾಗುವುದು? ಟಿಬೆಟಿನ ವಸತಿಗಳನ್ನು ದೀರ್ಘಕಾಲ ಕಾಡಿರುವ ಕ್ಷಯರೋಗವು ಬಲಗುಂದಿದ ಮೈಯನ್ನೇ ಹುಡುಕಿ ಹಿಡಿಯುವಂಥದು. ಝಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಮಂದಿಗೆ ಅಕ್ಕಿಯ ಜೊತೆಗೆ ಬೇಳೆಯನ್ನೂ ಜೀವಸತ್ತ್ವಗಳನ್ನೂ ಕೊಟ್ಟು ನಡೆಸಿದ ಪರೀಕ್ಷೆಯ ಫಲವು 2023ರಲ್ಲಿ ಪ್ರಕಟವಾಯಿತು. ಅವರಲ್ಲಿ ಹೊಸದಾಗಿ ರೋಗ ತಗಲಿದ್ದು ನೂರಕ್ಕೆ 39ರಷ್ಟು ಕಡಮೆ. ಬೇಳೆಯ ಚೀಲವು ಔಷಧದ ಕೆಲಸವನ್ನೂ ಮಾಡಬಲ್ಲುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಹಾಗಾದರೆ ನಗರವಾಸಿಗಳಾದ ನಾವು ಮಾಡತಕ್ಕುದೇನು? ಹೊಸದಾಗಿ ಬಂದು ನೆಲಸಿದವರು ಯಾವ ದೇಶದವರೇ ಆಗಿರಲಿ, ಸಹಾಯಮಾಡುವಾಗ ಅಕ್ಕಿಯ ಮೂಟೆಯೊಂದಕ್ಕೇ ನಿಲ್ಲದೆ ತೊಗರಿ, ಹೆಸರು, ರಾಗಿ, ಎಣ್ಣೆಗಳನ್ನೂ ಕೂಡಿಸೋಣ. ಆ ಮನೆಯ ಹೆಂಗಸರು ಏನನ್ನು ಅಡಿಗೆ ಮಾಡಬಲ್ಲರೆಂಬುದನ್ನು ಮೊದಲು ಕೇಳಿ ತಿಳಿಯೋಣ. ಅಂಗೈಯಗಲದ ಹಿತ್ತಲಿದ್ದರೂ ಒಂದು ನುಗ್ಗೆ, ಒಂದು ಪರಂಗಿ, ಒಂದು ಮಡಿ ದಂಟಿನ ಸೊಪ್ಪು ಬೆಳೆಯಬಹುದು. ಬೀಜ ಕೊಡುವುದು ದುಬಾರಿಯಲ್ಲ. ಗರ್ಭಿಣಿಯರನ್ನೂ ಎಳೆಯ ಮಕ್ಕಳನ್ನೂ ಅಂಗನವಾಡಿಗೆ ಪರಿಚಯಮಾಡಿಸುವುದು ಇನ್ನೂ ಸುಲಭ. ಬೈಲಕುಪ್ಪೆಯವರಿಗೆ ಗಂಜಿಯ ಜೊತೆಗೆ ನೆಲವೂ ದೊರೆತುದರಿಂದಲೇ ಅವರು ಬೇಡುವವರಾಗಿ ಉಳಿಯದೆ ಬೆಳೆಯುವವರಾದರು. ಅತಿಥಿಗೆ ಒಂದು ಹೊತ್ತು ಉಣಬಡಿಸುವುದು ದೊಡ್ಡದು. ಅವನು ತನ್ನ ಒಲೆಯನ್ನು ತಾನೇ ಹೂಡುವಂತೆ ಮಾಡುವುದು ಅದಕ್ಕಿಂತಲೂ ದೊಡ್ಡದು.